ಎಂಬತ್ತೇಳನೇ ನಂಬರಿನ ಅಭಿಪ್ರಾಯ

ಮಾರ್ಚ್ ೧೧, ಮಂಗಳವಾರ

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಹೇಸಿಗೆಯ ಸಮಾಚಾರ.

ನಿನ್ನ ಪತ್ತೇದಾರಿ ಪುಸ್ತಕದ ಬಗ್ಗೆ ನಮ್ಮ ಲೈಬ್ರರಿಯ ಓದುಗರು ನಿಜವಾಗಿ ಏನು ಬರೆದರು ಎಂಬುದನ್ನು ನಾನು ನಿನಗೆ ಇದುವರೆಗೆ ಹೇಳಿಲ್ಲ. ಇವತ್ತು ಹೇಳುತ್ತೇನೆ. ಕುಳಿತುಕೊಂಡು ಓದು.

ಇಲ್ಲಿಯ ಪದ್ಧತಿ ನಿನಗೆ ಗೊತ್ತು. ಪ್ರಕಾಶಕರು ಪುಸ್ತಕದ ಕೊನೆಗೆ ಅಭಿಪ್ರಾಯದ ಹಾಳೆಯೊಂದನ್ನು ಅಂಟಿಸಿ ಕಳಿಸುತ್ತಾರೆ. ಓದಿದವರು ಅದರಲ್ಲಿ ಎರಡು ಸಾಲು ಬರೆದು, ಹೆಸರಿನ ಬದಲು ತಮ್ಮ ಸದಸ್ಯ ನಂಬರು ಹಾಕಬೇಕು. ಮೂರು ತಿಂಗಳಾದ ಮೇಲೆ ಲೈಬ್ರರಿಯ ಯಜಮಾನರು ಆ ಹಾಳೆಯ ಜೆರಾಕ್ಸ್ ತೆಗೆಸಿ ಪ್ರಕಾಶಕರಿಗೆ ಕಳಿಸುತ್ತಾರೆ. ನಂಬರು ಮಾತ್ರ ಹಾಕುವುದರಿಂದ ತಾವು ಯಾರೆಂದು ಯಾರಿಗೂ ತಿಳಿಯದು ಎಂದುಕೊಂಡು ಜನ ಮನಸ್ಸು ಬಿಚ್ಚಿ ಬರೆಯುತ್ತಾರೆ. ಆದರೆ ಸದಸ್ಯರ ರಿಜಿಸ್ಟರ್ ಇಟ್ಟುಕೊಂಡು ಕೌಂಟರಿನಲ್ಲಿ ಕೂತಿರುವವಳು ನಾನು. ನನಗೆ ಎಲ್ಲರೂ ಗೊತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು.

ಮೊದಲ ಅಭಿಪ್ರಾಯ ಹಲ್ಲಿನ ಡಾಕ್ಟರದು. 'ಇಬ್ಬರು ಹೆಂಗಸರು ಒಂದೇ ಜೀಪಿನಲ್ಲಿ ಇನ್ನೂರು ಪುಟ ಓಡಾಡುತ್ತಾರೆ, ಒಂದು ಸಲವೂ ಜಗಳವಾಡುವುದಿಲ್ಲ. ನಂಬಲು ಕಷ್ಟ.' ಎರಡನೆಯದು ಬ್ಯಾಂಕಿನ ಕಾವಲುಗಾರನದು. 'ಕೊನೆಯಲ್ಲಿ ಯಾರಾದರೂ ಗಂಡಸು ಬಂದು ಕೇಸು ಬಿಡಿಸುತ್ತಾನೆಂದು ಕಾದೆ. ಬರಲಿಲ್ಲ. ನಿರಾಶೆ.' ಮೂರನೆಯದು ಶಾಲೆಯ ವಿಜ್ಞಾನದ ಟೀಚರದು. 'ಇನ್ಸ್‌ಪೆಕ್ಟರಮ್ಮ ಒಂದು ದಿನವೂ ಒಲೆ ಹಚ್ಚುವುದಿಲ್ಲ. ಮಕ್ಕಳು ಏನು ತಿನ್ನುತ್ತವೆ?' ಅಕ್ಕಾ, ನಿನ್ನ ಇನ್ಸ್‌ಪೆಕ್ಟರಿಗೆ ಮಕ್ಕಳೇ ಇಲ್ಲ! ನಾಲ್ಕನೆಯವನು, ಅವನ ಕೈ ಮುರಿಯ, 'ಕೊಲೆಗಾರನ ಪಾತ್ರ ಚೆನ್ನಾಗಿದೆ, ಅವನಿಗೆ ಅನ್ಯಾಯವಾಗಿದೆ' ಎಂದು ಬರೆದಿದ್ದ. ಮೂರು ಜನ ಹೆಂಡಂದಿರನ್ನು ಮೆಟ್ಟಿಲ ಮೇಲಿಂದ ತಳ್ಳಿದವನಿಗೆ ಅನ್ಯಾಯ!

ನೀನು ಕೋರ್ಟಿನಲ್ಲಿ ಹನ್ನೊಂದು ವರ್ಷ ಹೆಂಗಸರ ಹೇಳಿಕೆಗಳನ್ನು ಟೈಪ್ ಮಾಡಿ, ಬೆರಳು ನೋಯಿಸಿಕೊಂಡು, ಯಾರೂ ಕೇಳದ ಪ್ರಶ್ನೆಯನ್ನು ಕೇಳುವ ಇಬ್ಬರು ಹೆಂಗಸರನ್ನು ಸೃಷ್ಟಿಸಿದೆ. ಇವರು ಅದನ್ನು ಓದಿ ಒಲೆ ಹುಡುಕುತ್ತಿದ್ದಾರೆ. ಓದುಗರೇ ಕೊನೆಯ ನ್ಯಾಯಾಧೀಶರು ಎಂದು ಪ್ರಕಾಶಕರ ಕರಪತ್ರಗಳೆಲ್ಲ ಹೇಳುತ್ತವೆ. ಬರೆದವರು ಯಾರೂ ಲೈಬ್ರರಿಯ ಕೌಂಟರಿನಲ್ಲಿ ಕೂತಿರಲಿಕ್ಕಿಲ್ಲ.

ಪ್ರಕಾಶಕರು ನಿನಗೆ ಹಾಕಿದ ಷರತ್ತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅಭಿಪ್ರಾಯ ಚೆನ್ನಾಗಿ ಬಂದರೆ ಎರಡನೇ ಪುಸ್ತಕ ನಿನ್ನ ಇಷ್ಟದಂತೆ. ಇಲ್ಲವಾದರೆ ಆ ಇಬ್ಬರ ತಲೆಯ ಮೇಲೆ ಒಬ್ಬ ಗಂಡಸು ಅಧಿಕಾರಿಯನ್ನು ತಂದು ಕೂರಿಸಬೇಕು. ಫೋನಿನಲ್ಲಿ ಅದನ್ನು ಹೇಳುವಾಗ ನೀನು ನಕ್ಕೆ. ಆ ನಗು ನನಗೆ ಗೊತ್ತು. ಅಪ್ಪ ನಿನ್ನ ಕಾಲೇಜು ಬಿಡಿಸಿದ ದಿನವೂ ನೀನು ಹಾಗೇ ನಕ್ಕಿದ್ದೆ.

ಅದಕ್ಕೇ ಮಾಡಿದೆ, ಅಕ್ಕಾ. ಯಜಮಾನರು ಊಟಕ್ಕೆ ಹೋದಾಗ, ದಿನಕ್ಕೆ ಎರಡು ಮೂರರಂತೆ, ಹದಿನಾಲ್ಕು ಅಭಿಪ್ರಾಯಗಳನ್ನು ರಬ್ಬರಿನಿಂದ ಉಜ್ಜಿ ಅಳಿಸಿದೆ. ಎಲ್ಲರೂ ಬರೆಯುವುದು ಕೌಂಟರಿಗೆ ದಾರ ಕಟ್ಟಿಟ್ಟ ಪೆನ್ಸಿಲಿನಲ್ಲಿ ತಾನೆ. ಆ ಜಾಗದಲ್ಲಿ ಬೇರೆ ಬೇರೆ ಅಕ್ಷರದಲ್ಲಿ ನಾನೇ ಬರೆದೆ. ಒಮ್ಮೆ ಎಡಗೈಯಲ್ಲೂ ಬರೆದೆ. 'ಇಂಥ ಅಧಿಕಾರಿಗಳು ನಮ್ಮ ಊರಿಗೂ ಬೇಕು.' 'ಒಂದೇ ಉಸಿರಿಗೆ ಓದಿದೆ.' 'ಮುಂದಿನ ಪುಸ್ತಕದಲ್ಲೂ ಇವರಿಬ್ಬರೇ ಇರಲಿ, ಬೇರೆ ಯಾರೂ ಬೇಡ.' ಬದುಕಿ ಓಡಾಡುವವರ ನಂಬರು ಹಾಕಿದರೆ ಸಿಕ್ಕಿಬೀಳುತ್ತೇನೆಂದು, ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದ, ಸದಸ್ಯತ್ವ ಮುಗಿದವರ ನಂಬರುಗಳನ್ನು ಹಾಕಿದೆ. ಬಹಳ ಜಾಣೆ ಅಂದುಕೊಂಡೆ. ಗೆರೆ ಯಾಕೆ ಎಳೆದಿದ್ದಾರೆ ಎಂದು ಮಾತ್ರ ನೋಡಲಿಲ್ಲ.

ಜೆರಾಕ್ಸ್ ಹೋಯಿತು. ಪ್ರಕಾಶಕರು ನಿನಗೆ ಹೂಂ ಅಂದರು. ನೀನು ಫೋನಿನಲ್ಲಿ ಅತ್ತುಬಿಟ್ಟೆ. ನಮ್ಮ ಊರಿನ ಓದುಗರು ದೊಡ್ಡ ಮನಸ್ಸಿನವರು ಕಣೇ, ಅಂದೆ. ನಾನು ಹೂಂ ಹೂಂ ಅನ್ನುತ್ತಾ ಉಗುರು ಕಚ್ಚುತ್ತಿದ್ದೆ.

ಮೊನ್ನೆ ಶನಿವಾರ ನಿವೃತ್ತ ಹೆಡ್‌ಮಾಸ್ತರರ ಹೆಂಡತಿ ಬಂದರು. ಹೊಸದಾಗಿ ಸದಸ್ಯೆಯಾಗಿದ್ದಾರೆ. ನಿನ್ನ ಪುಸ್ತಕವನ್ನು ವಾಪಸ್ ಕೊಡುತ್ತಾ, ಕೊನೆಯ ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು: "ಏನಮ್ಮಾ, ಎಂಬತ್ತೇಳು ನಮ್ಮ ಮನೆಯವರ ನಂಬರಲ್ವಾ? ಅವರು ತೀರಿಕೊಂಡು ಎರಡು ವರ್ಷ ಆಯ್ತು."

ಅವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: 'ಹೆಣ್ಣುಮಕ್ಕಳ ಬುದ್ಧಿಶಕ್ತಿಗೆ ಈ ಕೃತಿ ಕನ್ನಡಿ.' ಆಮೇಲೆ ಕೌಂಟರು ಹಿಡಿದುಕೊಂಡು ನಗಲು ಶುರುಮಾಡಿದರು. "ಬದುಕಿದ್ದಾಗ ನನ್ನ ಕೈಯಿಂದ ಪತ್ತೇದಾರಿ ಪುಸ್ತಕ ಕಿತ್ಕೊಂಡು ಬಚ್ಚಿಡ್ತಿದ್ರು. ಅಲ್ಲಿಗೆ ಹೋದ್ಮೇಲೆ ಬುದ್ಧಿ ಬಂತಾ ಇವರಿಗೆ?"

ಓದುವ ಮೇಜಿನಲ್ಲಿದ್ದವರೂ ನಕ್ಕರು. ಯಜಮಾನರು ಎದ್ದು ಬಂದು ನಂಬರು ಬರೆಯುವಾಗ ತಪ್ಪಾಗಿರಬೇಕು ಎಂದು ಸಮಾಧಾನ ಹೇಳಿ ಕಳಿಸಿದರು. ನಂತರ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಉಜ್ಜಿದ ಕಡೆಯೆಲ್ಲ ಕಾಗದ ತೆಳ್ಳಗಾಗಿ ನೂಲೆದ್ದಿತ್ತು. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ಕಾದೆ. ಅವರು ಕಣ್ಣು ಮಿಟುಕಿಸಿದರು. "ಹೋಗ್ಲಿ ಬಿಡು ಕೂಸೇ. ಅಕ್ಕನ ಪುಸ್ತಕ ತಾನೆ? ಎಲ್ಲಾ ಕಡೆ ಇದೇ ನಡೆಯೋದು. ನಮ್ಮವರನ್ನ ನಾವು ಎತ್ತದೆ ಇನ್ಯಾರು ಎತ್ತಾರು?"

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕಣ್ಣು ಮಿಟುಕಿಸಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ನಿನ್ನ ಪುಸ್ತಕದಲ್ಲಿ ಮೂರು ಹೆಣಗಳಿಗೂ 'ಕಾಲು ಜಾರಿ ಬಿದ್ದದ್ದು' ಎಂದು ಬರೆದುಕೊಡುವ ಡಾಕ್ಟರು ಹೀಗೇ ಕಣ್ಣು ಮಿಟುಕಿಸಿರಬೇಕು. ನಾನು ಅವನ ಸಾಲಿನಲ್ಲಿ ನಿಂತಿದ್ದೇನೆ. ಮನೆಗೆ ಬಂದು ಕೈ ತೊಳೆದೆ, ಮತ್ತೆ ತೊಳೆದೆ. ಹಲ್ಲಿನ ಡಾಕ್ಟರ ಮೇಲೆ, ಟೀಚರ ಮೇಲೆ ಇಟ್ಟುಕೊಂಡಿದ್ದ ಅಸಹ್ಯವೆಲ್ಲ ತಿರುಗಿ ನನ್ನ ಮೈಮೇಲೇ ಬಂದು ಕೂತಿದೆ. ಅವರು ಕೊನೆಪಕ್ಷ ತಮ್ಮ ಕೊಳಕನ್ನು ತಮ್ಮ ನಂಬರಿನಲ್ಲೇ ಬರೆದಿದ್ದರು.

ಆದ್ದರಿಂದ ಇವತ್ತು ಬೆಳಿಗ್ಗೆ ಪ್ರಕಾಶಕರಿಗೆ ಎಲ್ಲವನ್ನೂ ಬರೆದು ಅಂಚೆಗೆ ಹಾಕಿದ್ದೇನೆ. ಇದರಲ್ಲಿ ನಿನ್ನ ಕೈವಾಡ ಏನೂ ಇಲ್ಲವೆಂದು ಎರಡು ಸಲ ಬರೆದಿದ್ದೇನೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಮತ್ತೆ ಆ ನಗು ನಕ್ಕು ಸುಮ್ಮನಾಗುತ್ತಿದ್ದೆ, ನಾನೂ ಸುಮ್ಮನಾಗುತ್ತಿದ್ದೆ. ಈಗ ಅವರು ಆ ಗಂಡಸು ಅಧಿಕಾರಿಯನ್ನು ತಂದೇ ತರುತ್ತಾರೆ. ನಿನ್ನ ಇಬ್ಬರು ಹೆಂಗಸರು ಅವನಿಗೆ ಸಲ್ಯೂಟ್ ಹೊಡೆಯಬೇಕಾಗುತ್ತದೆ, ಇಲ್ಲವೇ ಎರಡನೇ ಪುಸ್ತಕವೇ ಬರುವುದಿಲ್ಲ. ಹೀಗಾದದ್ದು ನನ್ನಿಂದ. ಹಾಗೆ ಬರೆಯಬೇಡ, ಅವರಿಗೆ ಬಗ್ಗಬೇಡ ಎಂದು ಹೇಳುವ ಹಕ್ಕನ್ನೂ ಕಳೆದುಕೊಂಡಿದ್ದೇನೆ. ಆದರೂ ಹೇಳುತ್ತೇನೆ, ಬಗ್ಗಬೇಡ.

ಫೋನ್ ಮಾಡಬೇಡ. ಬೈಯುವುದಿದ್ದರೆ ಬರೆದು ಬೈ. ಅದನ್ನು ಅಳಿಸುವುದಿಲ್ಲ.

ನಿನ್ನ ತಂಗಿ,
ಕಿಡಿ

ತಾ.ಕ.: ಯಜಮಾನರು ಕಣ್ಣು ಮಿಟುಕಿಸಿದ್ದನ್ನು ಸಹಿಸಲಾರದೆ ತಪ್ಪೊಪ್ಪಿಕೊಂಡೆ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಶನಿವಾರ ಅಸಹ್ಯಪಟ್ಟುಕೊಂಡು ಭಾನುವಾರ ಚೆನ್ನಾಗಿಯೇ ನಿದ್ದೆ ಮಾಡಿದ್ದೆ. ನಿನ್ನೆ ಮುನ್ನೂರ ಮೂವತ್ತೊಂದನೇ ನಂಬರಿನವರು ಬಂದರು, ಬಟ್ಟೆ ಹೊಲಿಯುವವರು, ಮಾತು ಕಡಿಮೆ. ತಾವು ಬರೆದದ್ದು ಎಲ್ಲಿ ಹೋಯಿತು ಎಂದು ಕೇಳಿದರು. ಅವರ ಅಭಿಪ್ರಾಯ ನನಗೆ ನೆನಪಿತ್ತು. 'ಈ ಪುಸ್ತಕ ಸಹಿಸಲು ಆಗಲಿಲ್ಲ' ಎಂದು ಶುರುವಾಗಿತ್ತು. ಅಷ್ಟು ಓದಿ ರಬ್ಬರು ಹಚ್ಚಿದ್ದೆ. ಕೆಳಗೆ ಇನ್ನೂ ನಾಲ್ಕು ಸಾಲಿದ್ದವು. ಏನು ಬರೆದಿದ್ದಿರಿ ಎಂದು ಕೇಳಿದೆ. ಹೊಡೆಸಿಕೊಂಡ ಹೆಂಡತಿ ಗಂಡನನ್ನು ಉಳಿಸಲು ಸುಳ್ಳು ಹೇಳಿಕೆ ಕೊಡುತ್ತಾಳಲ್ಲ, ಆ ಪುಟದ ಬಗ್ಗೆಯಂತೆ. "ನಾನೂ ಹಾಗೇ ಹೇಳಿಕೆ ಕೊಟ್ಟು ಬಂದಿದ್ದೆ. ಮೂರು ಸಲ ಪುಸ್ತಕ ಮುಚ್ಚಿಟ್ಟೆ. ನಾಲ್ಕನೇ ಸಲ ಓದಿ ಮುಗಿಸಿ, ಹೋಗಿ ಹೇಳಿಕೆ ಬದಲಾಯಿಸಿ ಬಂದೆ. ಬರೆದೋರಿಗೆ ಗೊತ್ತಾಗ್ಲಿ ಅಂತ ಬರೆದಿದ್ದೆ." ಹೋಗಲಿ, ಇನ್ನೊಂದು ಸಲ ಬರೆಯುತ್ತೇನೆ ಎಂದು ದಾರ ಕಟ್ಟಿದ ಪೆನ್ಸಿಲನ್ನು ಎಳೆದುಕೊಂಡು ಹಾಳೆ ಬಿಡಿಸಿದರು. ಎಲ್ಲೂ ಜಾಗವಿರಲಿಲ್ಲ. ನಾನೇ ತುಂಬಿಬಿಟ್ಟಿದ್ದೆ.