ಹಕ್ಕಿ ನೋಡುವ ದುರ್ಬೀನು

ಸಪ್ತಾಪುರ, ಧಾರವಾಡ
ಭಾನುವಾರ

ಬಾಳಕೃಷ್ಣ ಕಾಕಾ ಅವರಿಗೆ,

ನಮಸ್ಕಾರ ಎಂದು ಬರೆಯಲು ಮನಸ್ಸಾಗುತ್ತಿಲ್ಲ.

ಹೋದ ತಿಂಗಳು ನೀವೇ ಕರೆದು ಕೇಳಿದಿರಿ: "ಹಕ್ಕಿ ನೋಡ್ಲಿಕ್ಕೆ ಎಂಥಾ ದುರ್ಬೀನು ಛಲೋ, ಗೀತಾ? ನೀ ಹಕ್ಕಿ ಬಗ್ಗೆ ಓದಾಕಿ, ಹೇಳು." ಎಂಟು ಪಟ್ಟು ದೊಡ್ಡದಾಗಿ ತೋರಿಸಿದರೆ ಸಾಕು, ಹಗುರ ಇರಲಿ, ಹಕ್ಕಿ ಹಾರಿದತ್ತ ಕೈಯಲ್ಲಿ ಹಿಡಿದೇ ತಿರುಗಿಸುವಂತಿರಲಿ ಎಂದಿದ್ದೆ. ನೀವು ತಂದದ್ದು ಇಪ್ಪತ್ತು ಪಟ್ಟಿನದು. ಸ್ಟ್ಯಾಂಡ್ ಇಲ್ಲದೆ ಹಿಡಿಯಲಾಗದಷ್ಟು ಭಾರ. ಪಾಪ, ಅಂಗಡಿಯವನು ನಿಮಗೆ ಟೋಪಿ ಹಾಕಿದ ಎಂದುಕೊಂಡೆ.

ಇವತ್ತು ಬಟ್ಟೆ ಒಣಹಾಕಲು ನಿಮ್ಮ ತಾರಸಿಗೆ ಹೋದಾಗ, ಅಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿಟ್ಟಿದ್ದ ದುರ್ಬೀನನ್ನು ಒಂದಿಷ್ಟೂ ಅಲುಗಿಸದೆ ಕಣ್ಣಿಟ್ಟು ನೋಡಿದೆ. ಹಿತ್ತಲಲ್ಲಿ ನಾವು ಬಾಡಿಗೆಗಿರುವ ಕೋಣೆಯ ಕಿಟಕಿ ಕಂಡಿತು. ಒಳಗೆ ಗೆಳತಿ ಸಂಪದಾ ತಲೆ ಬಾಚಿಕೊಳ್ಳುತ್ತಿದ್ದಳು. ಅವಳ ಬಾಚಣಿಕೆಯ ಮುರಿದ ಹಲ್ಲೂ ಕಂಡಿತು.

ಹಕ್ಕಿ ಹಾರಿಹೋಗುತ್ತದೆ ಕಾಕಾ. ಕಿಟಕಿ ಎಲ್ಲಿಗೂ ಹಾರುವುದಿಲ್ಲ. ನೀವು ನಿಮ್ಮ ಕೆಲಸಕ್ಕೆ ತಕ್ಕದ್ದನ್ನೇ ಆರಿಸಿದ್ದೀರಿ.

"ಓಣ್ಯಾಗಿನ ಹುಡುಗೂರ ಕಣ್ಣು ಛಲೋ ಇಲ್ಲ, ಏಳರೊಳಗ ಮನಿ ಸೇರ್ರಿ" ಎಂದು ನಮಗೆ ಬುದ್ಧಿ ಹೇಳಿದವರು ನೀವು!

ನಾವು ಪರದೆ ಹಾಕುವುದಿಲ್ಲ, ಕೋಣೆಯನ್ನೂ ಬಿಡುವುದಿಲ್ಲ. ಸಂಜೆಯೊಳಗೆ ಆ ಸ್ಟ್ಯಾಂಡ್ ಕೆಳಗಿಳಿಯಬೇಕು.

ಪತ್ರವನ್ನು ನಿಮ್ಮ ಹೆಂಡತಿ ಸುಲಭಾ ಕಾಕು ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಿಲ್ಲ.

ಹಿತ್ತಲ ಕೋಣೆಯ
ಗೀತಾಂಜಲಿ