ಸಾಯದೆ ಮಲಗಿದ ರೋಗಾಣು

ಸುಕೇಶಾ,

ಹೊಸ ಮಾತ್ರೆ ಫ್ರಿಡ್ಜಿನ ಮೇಲಿದೆ. ಗಂಜಿ ಉಂಡು ಹನ್ನೆರಡಕ್ಕೆ ಒಂದು ನುಂಗು. ಹಳೆಯ ಐದು ಮಾತ್ರೆ ಊರಿಗೆ ಕಳಿಸಲು ನೀನು ಕಟ್ಟಿದ ಪೆಟ್ಟಿಗೆಯಲ್ಲಿ, ಖರ್ಜೂರದ ಅಡಿಯಲ್ಲಿ ಸಿಕ್ಕಿತು. ಜ್ವರ ಬಿಟ್ಟಿತೆಂದು ನ್ಯುಮೋನಿಯಾದ ಮದ್ದನ್ನೂ ಅಮ್ಮನಿಗೆ ಅಂತ ಉಳಿಸುವುದಾ ಮಾರಾಯ? ಈಗ ಜ್ವರ ತಿರುಗಿ ಬಂತಲ್ಲ!

ಜಾಬ್ರಿಯಾ ಆಸ್ಪತ್ರೆಯ ಡಾಕ್ಟರ್ ಹೇಳಿದ್ದು ನನ್ನ ತಲೆಗೆ ಇನ್ನೂ ಹೋಗಿಲ್ಲ. ಆ ಮದ್ದು ರೋಗಾಣುವಿಗೆ ನಾಟುತ್ತದೆ ಅಂತಲೇ ರಿಪೋರ್ಟಿನಲ್ಲಿದೆಯಂತೆ. ಆದರೂ ಕೆಲವು ಸಾಯದೆ, ಬೆಳೆಯದೆ ಸುಮ್ಮನೆ ಮಲಗಿದ್ದು, ಮದ್ದು ನಿಂತ ಮೇಲೆ ಏಳುತ್ತವಂತೆ. ಮಿದುಳಿಗೂ ಏರಬಹುದಂತೆ, ಆಗ ಕುತ್ತಿಗೆ ಬಿಗಿಯುತ್ತದಂತೆ. ಸತ್ತದ್ದೋ ಮಲಗಿದ್ದೋ ಅಂತ ತಿಳಿಯುವುದು ಹೇಗೆ?

ಕುತ್ತಿಗೆ ಬಿಗಿದರೆ ಕೂಡಲೇ ಫೋನ್ ಮಾಡು. ಹತ್ತಕ್ಕೆ ಅಂಗಡಿಯಿಂದ ನಾನೇ ಮಾಡುತ್ತೇನೆ, ನಿದ್ದೆಯಲ್ಲಿದ್ದರೂ ಎತ್ತು. ನೀನು ಸುಮ್ಮನೆ ಮಲಗಿದ್ದನ್ನು ಕಂಡರೆ ಸಮಾಧಾನ ಪಡಬೇಕೋ ಹೆದರಬೇಕೋ ನನಗೀಗ ಗೊತ್ತಾಗುತ್ತಿಲ್ಲ.

ಅಕ್ಕ