ಮುಗಿದ ಹಸಿರು

ಅಕ್ಟೋಬರ್ ೯, ಗುರುವಾರ

ಊರಿಂದ ತಂದಿದ್ದ ಹಸಿರು ಬಣ್ಣದ ಕೊನೆಯ ಟ್ಯೂಬೂ ಖಾಲಿ. ಬುಡದಿಂದ ಸುರುಳಿ ಸುತ್ತಿ ಹಿಂಡಿದರೂ ಬರೀ ಗಾಳಿ ಬಂತು. ವಿಧಿಯಿಲ್ಲದೆ ನಾನೇ ಬಣ್ಣ ಕಲಸಲು ಕೂತೆ. ನೀಲಿಗೆ ಎಷ್ಟು ಹಳದಿ ಹಾಕಲಿ ಎಂದು ಕಿಟಕಿಯಾಚೆಯ ಗುಡ್ಡ ನೋಡಿದರೆ, ಅದು ಹಸಿರೇ ಅಲ್ಲ! ಬೂದಿ ಮೆತ್ತಿದಂಥ ನೀಲಿ, ಅಂಚಿಗೆ ತುಕ್ಕಿನ ಬಣ್ಣ. ತಿಂಗಳಿಂದ ಈ ಗುಡ್ಡವನ್ನೇ ಹಸಿರಲ್ಲಿ ಬರೆಯುತ್ತಿದ್ದೇನೆ.

ಗೋಡೆಗೆ ಒರಗಿಸಿಟ್ಟ ಚಿತ್ರಗಳನ್ನೆಲ್ಲ ತಿರುಗಿಸಿ ನೋಡಿದೆ. ಮೂರು ದೇಶಗಳ ಬೆಟ್ಟಗಳು, ಎಲ್ಲಕ್ಕೂ ಅದೇ ಹಸಿರು. ಹೊಸತು ಹುಡುಕಿಕೊಂಡು ಸಮುದ್ರ ದಾಟಿ ಬಂದ ಮಹಾಶಯ ನಾನು!

ಮೊನ್ನೆ ಬಾಡಿಗೆ ಮನೆಯ ಅಜ್ಜಿ ಈ ಗುಡ್ಡದ ಚಿತ್ರ ನೋಡಿ, "ಚೆನ್ನಾಗಿದೆಯಪ್ಪಾ, ಇದು ನಿಮ್ಮೂರಾ?" ಎಂದು ಕೇಳಿದ್ದಳು. ಪಾಪ, ಕಣ್ಣಿಗೆ ಪೊರೆ ಬಂದಿರಬೇಕು ಅಂದುಕೊಂಡಿದ್ದೆ.

ಸಂಜೆ ವೀಡಿಯೊ ಕರೆಯಲ್ಲಿ ಹೆಂಡತಿಗೆ ಟ್ಯೂಬು ಮುಗಿಯಿತೆಂದಷ್ಟೇ ಹೇಳಿದೆ.

"ಅಷ್ಟಕ್ಕೆ ಯಾಕ್ರೀ ಮುಖ ಸಪ್ಪಗೆ ಮಾಡ್ಕೊಂಡಿದ್ದೀರಾ? ಅದೇ ಹಸಿರು ನಾಲ್ಕು ಕಳಿಸ್ತೀನಿ ಬಿಡಿ."

ಬೇಡ ಅನ್ನಬೇಕಿತ್ತು. ಗುಡ್ಡ ನೋಡಿ ಕಲಸಿದ್ದ ಬೂದುನೀಲಿ ತಟ್ಟೆಯಲ್ಲಿ ಇನ್ನೂ ಹಸಿಯಾಗಿತ್ತು. ಅದನ್ನು ಕ್ಯಾನ್ವಾಸಿಗೆ ಮುಟ್ಟಿಸಲು ಇಡೀ ದಿನ ಕೈಯೇ ಏಳಲಿಲ್ಲ.

"ನಾಲ್ಕು ಸಾಲಲ್ಲ ಕಣೇ, ಆರು ಕಳಿಸು" ಎಂದೆ.